ದಂಡಿನ ತುತ್ತೂರಿ

ಪಂಪನ ಪಾಠ ನಡೆಯುತ್ತಿತ್ತು. ದೇಸಿ, ಮಾರ್ಗ ಎಂಬ ಎರಡು ಮಾತುಗಳನ್ನು ಕರಿಹಲಗೆಯ ಮೇಲೆ ಬರೆದು, ಹತ್ತನೆಯ ಶತಮಾನದ ಆ ಮಹಾಕವಿ ಇವೆರಡನ್ನೂ ಹೇಗೆ ಒಂದುಗೂಡಿಸಿದನೆಂಬುದನ್ನು ನನಗೆ ತಿಳಿದಮಟ್ಟಿಗೆ ವಿವರಿಸುತ್ತಿದ್ದೆ. ಮಧ್ಯಾಹ್ನ ಎರಡು ಗಂಟೆಯ ತರಗತಿ. ಊಟ ಮುಗಿಸಿ ಬಂದ ಹುಡುಗರ ಕಣ್ಣಿಗೆ ಪಂಪನಿಗಿಂತ ನಿದ್ರೆಯೇ ದೊಡ್ಡ ಕವಿಯಾಗಿ ತೋರುವ ಹೊತ್ತು. ಅಂಥ ಹೊತ್ತಿನಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಸಾರ್, ಬ್ಯಾಂಡ್‌ಸೆಟ್ಟು ದೇಸಿಯೋ ಮಾರ್ಗವೋ?"

ತರಗತಿ ನಕ್ಕಿತು. ನಾನೂ ನಕ್ಕೆ. ಉತ್ತರ ಗೊತ್ತಿಲ್ಲದಾಗ ನಗುವುದು ಮೇಷ್ಟರುಗಳಿಗೆ ಪರಂಪರೆಯಿಂದ ಬಂದ ಹಕ್ಕು. "ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೊ" ಎಂದು ಮುಂದಕ್ಕೆ ಸಾಗಿದೆ. ಹುಡುಗ ಕುಳಿತ, ಪ್ರಶ್ನೆ ಮಾತ್ರ ಕುಳಿತುಕೊಳ್ಳಲಿಲ್ಲ. ಸಂಜೆ ಕಾಲೇಜಿನ ಬಾಗಿಲಲ್ಲಿ ಅವನನ್ನು ತಡೆದು ಮಾತನಾಡಿಸಿದೆ. ಮನೆ ಶಿವಾಜಿನಗರ. ಅವನ ತಾತ ಮದುವೆಯ ಬ್ಯಾಂಡಿನಲ್ಲಿ ನಲವತ್ತು ವರ್ಷ ಕ್ಲಾರಿಯೊನೆಟ್ ಊದಿದವರಂತೆ.

ಹಾಗೆ ಹೇಳುತ್ತಲೇ ಅವನು ತನ್ನ ಫೋನಿನಲ್ಲಿ ಒಂದು ಚಲಚ್ಚಿತ್ರದ ತುಣುಕನ್ನು ತೋರಿಸಿದ. ಯಾವುದೋ ಇಂಗ್ಲಿಷ್ ಊರಿನ ಸಭಾಂಗಣ. ವೇದಿಕೆಯ ಮೇಲೆ ಕರಿಯರೂ ಬಿಳಿಯರೂ ಕೂಡಿದ ಒಂದು ವಾದ್ಯತಂಡ. ಅಂಚು ಕಿರಿದಾದ ಟೋಪಿ, ಅಚ್ಚುಕಟ್ಟಾದ ಕೋಟು. ಹಾಡುವವನೂ ಕುಣಿಯುತ್ತಾನೆ, ನುಡಿಸುವವನೂ ಕುಣಿಯುತ್ತಾನೆ, ಕೇಳಲು ಬಂದವರಂತೂ ನೆಲಕ್ಕೆ ಕಾಲನ್ನೇ ತಾಗಿಸುತ್ತಿಲ್ಲ. "ಇದು ಸ್ಕಾ ಅಂತ ಸಾರ್, ಇಂಗ್ಲೆಂಡಿನದು. ನೋಡಿದ್ರೆ ನಮ್ಮ ತಾತನ ಬ್ಯಾಂಡೇ ನೆನಪಾಗುತ್ತೆ. ಇವರಿಗೆ ಪೂರ್ತಿ ಒಂದು ಸಿನಿಮಾ ಇದೆ. ನಮ್ಮ ತಾತಂದು ಒಂದು ಫೋಟೋನೂ ಸರಿಯಾಗಿಲ್ಲ" ಎಂದ.

ಹುಡುಗನ ಮಾತಿನಲ್ಲಿ ದೂರಿರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ್ದ. ಅದಕ್ಕೇ ಅದು ನನ್ನ ಮನಸ್ಸಿಗೆ ನಾಟಿತು. ಕೆಲವು ತಿಂಗಳು ಅಲ್ಲಿ ಇಲ್ಲಿ ಓದಿ, ಕೇಳಿ, ನೋಡಿದ ಮೇಲೆ, ಶಿವಾಜಿನಗರದ ಆ ಓಣಿಗೂ ಇಂಗ್ಲೆಂಡಿನ ಆ ವೇದಿಕೆಗೂ ನೆಂಟಸ್ತನವಿರುವುದು ಕಂಡಿತು. ಈ ಲೇಖನ ಆ ಹುಡುಗನಿಗೆ ನಾನು ತಡವಾಗಿ ಕೊಡುತ್ತಿರುವ ಉತ್ತರ.

ಬೆಂಗಳೂರಿನ ಪೂರ್ವಭಾಗವನ್ನು ನಮ್ಮ ಹಿರಿಯರು 'ದಂಡು' ಎಂದೇ ಕರೆಯುತ್ತಿದ್ದರು. ದಂಡು ರೈಲು ನಿಲ್ದಾಣವೆಂಬ ಮಾತು ಇಂದಿಗೂ ಉಳಿದಿದೆ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ಸೈನ್ಯ ಅಲ್ಲಿಯೇ ಬೀಡುಬಿಟ್ಟಿತ್ತು. ಕಾವೇರಿ ತೀರದ ಜ್ವರ ಆ ಸಿಪಾಯಿಗಳಿಗೆ ಟಿಪ್ಪುವಿನ ಫಿರಂಗಿಗಿಂತ ದೊಡ್ಡ ಶತ್ರುವಾಯಿತು. ತಂಪುಹವೆಯ ಬೆಂಗಳೂರಿಗೆ ದಂಡನ್ನು ಸಾಗಿಸಿದರು. ೧೮೦೯ರ ಹೊತ್ತಿಗೆ ಹಲಸೂರಿನ ಸುತ್ತ ಹೊಸದೊಂದು ಊರು ಎದ್ದಿತ್ತು. ಪಡೆ ನಿಂತ ಕಡೆ ಪಡೆಗೆ ಬೇಕಾದವರೂ ಬಂದು ನೆಲೆಸುತ್ತಾರೆ. ದರ್ಜಿ, ಮೋಚಿ, ಕಟುಕ, ಅಗಸ, ಅಡಿಗೆಯವ ಎಲ್ಲರೂ ಬಂದರು. ತಮಿಳು, ಉರ್ದು, ತೆಲುಗು, ಇಂಗ್ಲಿಷ್, ಕನ್ನಡ ಒಂದೇ ಬೀದಿಯಲ್ಲಿ ಚೌಕಾಸಿಗೆ ನಿಂತವು. ೧೮೮೧ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಹಿಂತಿರುಗಿದಾಗಲೂ ದಂಡು ಬ್ರಿಟಿಷರ ಕೈಯಲ್ಲೇ ಉಳಿಯಿತು. ಅದು ಮೈಸೂರಿಗೆ ಮರಳಿದ್ದು ೧೯೪೭ರ ಜುಲೈ ತಿಂಗಳಲ್ಲಿ, ಸ್ವಾತಂತ್ರ್ಯಕ್ಕೆ ಮೂರು ವಾರ ಮುಂಚೆ.

ಪೇಟೆಯ ದಿನವನ್ನು ದೇವಸ್ಥಾನದ ಗಂಟೆಯೂ ಮಸೀದಿಯ ಕೂಗೂ ಭಾಗಮಾಡುತ್ತಿದ್ದರೆ, ದಂಡಿನ ದಿನವನ್ನು ಭಾಗಮಾಡುತ್ತಿದ್ದುದು ತುತ್ತೂರಿ. ಏಳುವುದಕ್ಕೊಂದು ಊದು, ಸಾಲು ನಿಲ್ಲುವುದಕ್ಕೊಂದು ಊದು, ಉಣ್ಣುವುದಕ್ಕೊಂದು, ಮಲಗುವುದಕ್ಕೊಂದು. ಇದರ ಮೇಲೆ ಪ್ರತಿಯೊಂದು ರೆಜಿಮೆಂಟಿಗೂ ತನ್ನದೇ ಆದ ಬ್ಯಾಂಡ್ ಇತ್ತು. ಕವಾಯತಿನ ಬಯಲಿನಲ್ಲಿ ನಡಿಗೆಯ ಸಂಗೀತ, ಅಧಿಕಾರಿಗಳ ಭೋಜನಶಾಲೆಯಲ್ಲಿ ಕುಣಿತದ ಸಂಗೀತ, ಭಾನುವಾರ ಇಗರ್ಜಿಯ ಮುಂದೆ ಭಕ್ತಿಯ ಸಂಗೀತ, ಸತ್ತವನ ಹಿಂದೆ ಶೋಕದ ಸಂಗೀತ, ಎಲ್ಲವನ್ನೂ ಊದುತ್ತಿದ್ದವರು ಅದೇ ಜನ. ೧೭೮೦ರಲ್ಲಿ ಮೂಲ ಕಂಡ ಮದರಾಸು ಸ್ಯಾಪರ್ಸ್ ಪಡೆ ಹತ್ತೊಂಬತ್ತನೆಯ ಶತಮಾನದಲ್ಲಿ ಹಲಸೂರು ಕೆರೆಯ ಬಳಿ ನೆಲೆನಿಂತಿತು. ಇಂದಿಗೂ ಅಲ್ಲೇ ಇದೆ. ನನ್ನ ಮನೆ ಹಲಸೂರಿನಲ್ಲಿ. ಗಾಳಿ ನಮ್ಮ ಕಡೆಗೆ ಬೀಸಿದ ಬೆಳಗ್ಗೆ ಆ ಕಡೆಯ ವಾದ್ಯದ ದನಿ ನಮ್ಮ ಮಾಳಿಗೆಯವರೆಗೂ ಬರುತ್ತದೆ.

ಕಬ್ಬನ್ ಉದ್ಯಾನ ರೂಪುಗೊಂಡದ್ದು ೧೮೭೦ರಲ್ಲಿ. ಅಲ್ಲಿಯ ಎಂಟು ಮೂಲೆಯ ಬ್ಯಾಂಡ್‌ಸ್ಟ್ಯಾಂಡನ್ನು ಓದುಗರು ನೋಡಿಯೇ ಇರುತ್ತಾರೆ. ಆ ಮಂಟಪ ನಿಂತಿರುವ ಜಾಗವನ್ನು ಸ್ವಲ್ಪ ಗಮನಿಸಬೇಕು. ಒಂದು ಕಡೆ ದಂಡು, ಇನ್ನೊಂದು ಕಡೆ ಪೇಟೆ. ಬಿಳಿಯರ ಕ್ಲಬ್ಬಿನೊಳಕ್ಕೆ ಪೇಟೆಯವನಿಗೆ ಪ್ರವೇಶವಿರಲಿಲ್ಲ. ಮರದ ಕೆಳಗೆ ನಿಂತು ಕೇಳುವುದಕ್ಕೆ ಯಾರ ಚೀಟಿಯೂ ಬೇಕಾಗಿರಲಿಲ್ಲ. ಸಂಗೀತಕ್ಕೆ ಗೋಡೆ ಕಟ್ಟುವುದು ಕಷ್ಟ.

ದಂಡಿನ ಮಟ್ಟುಗಳು ನಮ್ಮವರ ಕಿವಿಗೆ ಬಿದ್ದು ಬೇರೆ ರೂಪ ತಾಳಿದ್ದು ಇದೇ ಮೊದಲೇನೂ ಅಲ್ಲ. ೧೮೩೫ರಲ್ಲಿ ತೀರಿಕೊಂಡ ಮುತ್ತುಸ್ವಾಮಿ ದೀಕ್ಷಿತರು ಮದರಾಸಿನ ಕಡೆ ಇದ್ದಾಗ ಕಂಪನಿಯ ಬ್ಯಾಂಡನ್ನು ಕೇಳಿ, ಆ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯವನ್ನು ಕೂಡಿಸಿ ಸುಮಾರು ೪೦ ನೊಟ್ಟುಸ್ವರಗಳನ್ನು ರಚಿಸಿದರು. ಇಂಗ್ಲೆಂಡಿನ ದೊರೆಯನ್ನು ಹರಸುವ ಗೀತೆಯ ಮಟ್ಟೇ ಅವರ ಕೈಯಲ್ಲಿ ದೇವಿಯ ಸ್ತುತಿಯಾಯಿತು. ನಮ್ಮ ಬೆಂಗಳೂರಿನ ಕೈಲಾಸಂ ಅವರು ಇಂಗ್ಲಿಷ್ ವಿನೋದಗೀತೆಯೊಂದರ ಮಟ್ಟಿಗೆ 'ಕೋಳೀಕೆ ರಂಗ'ನನ್ನು ಕುಣಿಸಿದರು. ಅವನು ಇಂಗ್ಲೆಂಡಿನಿಂದ ಬಂದವನೆಂದು ಇಂದು ಯಾರಿಗೂ ಅನ್ನಿಸುವುದಿಲ್ಲ. ಬಿ.ಎಂ.ಶ್ರೀಯವರು ಕಾವ್ಯದಲ್ಲಿ 'ಇಂಗ್ಲಿಷ್ ಗೀತಗಳು' ಮೂಲಕ ಮಾಡಿದ್ದನ್ನು ನಾವು ನವೋದಯವೆಂದು ಪಾಠ ಹೇಳುತ್ತೇವೆ. ಅದೇ ಕೆಲಸವನ್ನು ಹಿತ್ತಾಳೆಯ ವಾದ್ಯದಲ್ಲಿ ಮಾಡಿದವರಿಗೆ ನಾವು ಯಾವ ಹೆಸರನ್ನೂ ಕೊಟ್ಟಿಲ್ಲ.

ಅರಮನೆಯ ಕಥೆ ಬೇರೆ. ಮೈಸೂರಿನ ದೊರೆಗಳು ತಮ್ಮದೇ ಬ್ಯಾಂಡನ್ನು ಇಟ್ಟಿದ್ದರು. ಜರ್ಮನಿಯ ಆಟೊ ಶ್ಮಿಟ್ ಅದರ ನಿರ್ದೇಶಕರಲ್ಲಿ ಒಬ್ಬರು. ಬಸವಪ್ಪಶಾಸ್ತ್ರಿಗಳು ಬರೆದ ನಾಡಗೀತೆಯನ್ನು ದರಬಾರಿನಲ್ಲಿ ನುಡಿಸುತ್ತಿದ್ದುದು ಆ ಬ್ಯಾಂಡೇ. ಜಯಚಾಮರಾಜೇಂದ್ರ ಒಡೆಯರು ಪಾಶ್ಚಾತ್ಯ ಸಂಗೀತದಲ್ಲಿ ಎಷ್ಟು ನಿಷ್ಣಾತರೆಂದರೆ, ಲಂಡನ್ನಿನ ಫಿಲ್‌ಹಾರ್ಮೋನಿಯ ಸಂಗೀತ ಸಂಘಕ್ಕೆ ೧೯೪೮ರಲ್ಲಿ ಮೊದಲ ಅಧ್ಯಕ್ಷರಾದರು. ರಷ್ಯದ ವಾಗ್ಗೇಯಕಾರ ಮೆಟ್ನರನ ಕೃತಿಗಳು ಧ್ವನಿಮುದ್ರಣಗೊಂಡು ಉಳಿದದ್ದು ಅವರ ಹಣದಿಂದ. ಅಂದರೆ, ಸಂಗೀತ ಗಾಳಿಯಲ್ಲಿ ಕರಗಿಹೋಗದಂತೆ ಅಚ್ಚುಹಾಕಿಸಿಡಬೇಕೆಂಬ ಅರಿವು ನಮ್ಮ ನಾಡಿನ ಒಬ್ಬ ದೊರೆಗೆ ಆಗಲೇ ಇತ್ತು. ಆದರೆ ಅರಮನೆಗೂ ಓಣಿಗೂ ನಡುವೆ ದೂರ ಬಹಳ.

ಓಣಿಗೆ ವಾದ್ಯ ಇಳಿದದ್ದು ಸಿಪಾಯಿಯ ಹೆಗಲ ಮೇಲೆ. ದಂಡಿನ ಬ್ಯಾಂಡುಗಳಲ್ಲಿ ನಮ್ಮವರೂ ಕಲಿತರು. ಕೆಲಸ ಬಿಟ್ಟು ಬಂದವನ ಕೈಯಲ್ಲಿ ವಿದ್ಯೆ ಇತ್ತು, ಊರಿನಲ್ಲಿ ಮದುವೆಗಳಿದ್ದವು. ಬಡಾ ಸಾಹೇಬನ ಮುಂದೆ ನಡೆಯುವ ಬ್ಯಾಂಡು ಮದುವೆಯ ಗಂಡಿನ ಮುಂದೆ ನಡೆದರೆ ಅವನೂ ಒಂದು ರಾತ್ರಿಯ ಮಟ್ಟಿಗೆ ಸಾಹೇಬನಾಗುತ್ತಾನಲ್ಲವೆ? ಕೆಂಪು ಕೋಟು, ಭುಜದ ಮೇಲೆ ಜರಿಯ ಕುಚ್ಚು, ತಲೆಗೆ ಎತ್ತರದ ಟೋಪಿ ಎಲ್ಲವೂ ದಂಡಿನ ನಕಲು. ಕ್ರಮೇಣ ಮೀರತ್ತಿನ ಜಲಿಕೋಠಿಯಂಥ ಕಡೆ ವಾದ್ಯಗಳು ಇಲ್ಲೇ ತಯಾರಾಗತೊಡಗಿದವು. ಮಟ್ಟುಗಳು ಮಾತ್ರ ಬದಲಾದವು. ಇಂಗ್ಲಿಷ್ ನಡಿಗೆಯ ಜಾಗದಲ್ಲಿ ಸಿನಿಮಾ ಹಾಡು ಬಂತು, ದೇವರನಾಮ ಬಂತು, ತಮಟೆಯ ಪೆಟ್ಟು ಬಂತು. ಸೇಂಟ್ ಮೇರಿ ಬಸಿಲಿಕಾದ ಸೆಪ್ಟೆಂಬರ್ ೮ರ ಹಬ್ಬವಿರಲಿ, ಹಲಸೂರು ಸೋಮೇಶ್ವರನ ಪಲ್ಲಕ್ಕಿಯಿರಲಿ, ನಿಕಾಹ್ ಮೆರವಣಿಗೆಯಿರಲಿ, ಊದುವವನಿಗೆ ಮತಭೇದವಿಲ್ಲ.

ಆದರೂ ಒಂದು ಗೆರೆ ಇತ್ತು. ನಮ್ಮ ಮದುವೆಗಳಲ್ಲಿ ಛತ್ರದ ಒಳಗೆ ವಾಲಗ, ಹೊರಗೆ ಬ್ಯಾಂಡು. ಗಟ್ಟಿಮೇಳವಾಗುವುದು ವಾಲಗದಿಂದ. ಬ್ಯಾಂಡು ಗಂಡನ್ನು ಛತ್ರದ ಬಾಗಿಲವರೆಗೆ ತಂದು ಬಿಡುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯುತ್ತದೆ.

ಆ ಗೆರೆಯನ್ನು ದಾಟಿದವರು ಒಬ್ಬರಿದ್ದರು. ದಕ್ಷಿಣ ಕನ್ನಡದ ನಾಗಸ್ವರ ವಿದ್ವಾಂಸರೊಬ್ಬರ ಮಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮರುಳಾದ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬಾತ ೧೮೪೬ರಲ್ಲಿ ಹಕ್ಕುಪತ್ರ ಪಡೆದು, ಸೈನ್ಯದ ಬ್ಯಾಂಡುಗಳನ್ನೇ ಕಣ್ಣಮುಂದಿಟ್ಟುಕೊಂಡು ಮಾಡಿದ ವಾದ್ಯವದು. ಅದರಲ್ಲಿ ಗಮಕವನ್ನು ಹೊರಡಿಸಲು ಆ ಹುಡುಗ ವರ್ಷಗಟ್ಟಲೆ ತಪಸ್ಸು ಮಾಡಿದ, ವಾದ್ಯವನ್ನೇ ತಿದ್ದಿಕೊಂಡ. ಅವರೇ ಕದ್ರಿ ಗೋಪಾಲನಾಥರು. ೧೯೯೪ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಸಭಾಂಗಣದಲ್ಲಿ, ಬಿ.ಬಿ.ಸಿ.ಯ ಪ್ರೊಮೆನಾಡ್ ಕಚೇರಿಗಳ ಮಾಲೆಯಲ್ಲಿ ಅವರು ನುಡಿಸಿದರು. ದಂಡಿನ ತುತ್ತೂರಿ ಕನ್ನಡನಾಡನ್ನು ಸುತ್ತಿ, ತ್ಯಾಗರಾಜರ ಕೃತಿಗಳನ್ನು ಬಾಯಿಪಾಠ ಮಾಡಿಕೊಂಡು, ಮತ್ತೆ ತನ್ನ ಒಡೆಯನ ಊರಿಗೆ ಹೋಯಿತು. ಅವರು ೨೦೧೯ರ ಅಕ್ಟೋಬರಿನಲ್ಲಿ ಕಾಲವಾದರು. ಅವರ ಕಚೇರಿಗಳು ಮುದ್ರಣದಲ್ಲಿ ಉಳಿದಿವೆ.

ಇನ್ನು ಅದೇ ಸಾಮ್ರಾಜ್ಯದ ಇನ್ನೊಂದು ತುದಿಗೆ ಹೋಗೋಣ. ಜಮೈಕಾ ದ್ವೀಪದ ಕಿಂಗ್‌ಸ್ಟನ್ ಪಟ್ಟಣದಲ್ಲಿ ೧೮೮೦ರಲ್ಲಿ ಹುಟ್ಟಿದ ಆಲ್ಫಾ ಬಾಲಕರ ಶಾಲೆ ಎಂಬುದೊಂದಿತ್ತು. ಕ್ಯಾಥೊಲಿಕ್ ಸಂನ್ಯಾಸಿನಿಯರು ನಡೆಸುತ್ತಿದ್ದ ಈ ಶಾಲೆಗೆ ಬರುತ್ತಿದ್ದವರು ತಬ್ಬಲಿ ಹುಡುಗರು, ಬಡವರ ಮಕ್ಕಳು, ಮನೆಯವರಿಗೆ ಹತೋಟಿ ಸಿಗದ ತುಂಟರು. ಬಡಗಿತನ, ಅಚ್ಚಿನ ಕೆಲಸ ಮೊದಲಾದ ಕಸುಬುಗಳ ಜೊತೆಗೆ ಅಲ್ಲಿ ಬ್ಯಾಂಡನ್ನೂ ಒಂದು ಕಸುಬಾಗಿ ಕಲಿಸುತ್ತಿದ್ದರು. ಕಲಿತವರು ದಂಡಿನ ಬ್ಯಾಂಡಿಗೆ ಸೇರಬಹುದು, ಹೋಟೆಲಿನಲ್ಲಿ ನುಡಿಸಬಹುದು, ಹೊಟ್ಟೆ ಹೊರೆಯಬಹುದು ಎಂಬುದು ಲೆಕ್ಕ. ೧೯೬೪ರಲ್ಲಿ ಸ್ಕಾಟಲೈಟ್ಸ್ ಎಂಬ ತಂಡ ಕೂಡಿದಾಗ ಟಾಮಿ ಮೆಕ್ಕುಕ್, ಡಾನ್ ಡ್ರಮಂಡ್, ಜಾನಿ ಮೂರ್, ಲೆಸ್ಟರ್ ಸ್ಟರ್ಲಿಂಗ್ ಈ ನಾಲ್ವರೂ ಆ ಶಾಲೆಯ ಹುಡುಗರೇ. ಸ್ಕಾ ಎಂಬ ಸಂಗೀತದ ಬೆನ್ನೆಲುಬು ಅವರ ಊದುವಾದ್ಯ.

ಸ್ಕಾ ಎಂದರೇನು? ಐವತ್ತರ ದಶಕದ ಕೊನೆಗೆ ಜಮೈಕಾದ ಜನ ಅಮೆರಿಕದ ಕರಿಯರ ಹಾಡುಗಳನ್ನು ರೇಡಿಯೋದಲ್ಲಿ ಕೇಳಿ, ತಮ್ಮ ಹಳೆಯ ಮೆಂಟೊ ಹಾಡುಗಳ ಲಯಕ್ಕೆ ಅವನ್ನು ಬಗ್ಗಿಸಿದರು. ನಾಲ್ಕು ಎಣಿಕೆಯ ಸರಳ ತಾಳ. ಆದರೆ ಗಿಟಾರಿನ ಮೀಟು ಎಣಿಕೆಯ ಮೇಲೆ ಬೀಳುವುದಿಲ್ಲ. ಎಣಿಕೆ ಬಿದ್ದ ಅರೆಗಳಿಗೆಯ ಮೇಲೆ, ಎರಡು ಪೆಟ್ಟಿನ ನಡುವಿನ ಖಾಲಿಯಲ್ಲಿ ಚುರುಕಾಗಿ ಬೀಳುತ್ತದೆ. ನಮ್ಮ ಸಂಗೀತ ಬಲ್ಲವರು ಅನಾಗತ ಎಡುಪನ್ನು ನೆನೆದರೆ ಇದರ ರುಚಿ ಸ್ವಲ್ಪ ಹತ್ತೀತು. ದಂಡಿನ ನಡಿಗೆಯಲ್ಲಿ ಪೆಟ್ಟು ಬಿದ್ದಾಗ ಕಾಲು ನೆಲಕ್ಕೆ. ಸ್ಕಾದಲ್ಲಿ ಪೆಟ್ಟು ಬಿದ್ದಾಗ ಕಾಲು ಗಾಳಿಯಲ್ಲಿ. ಕವಾಯತಿಗೆ ಕಲಿಸಿದ ವಾದ್ಯವನ್ನೇ ಹಿಡಿದು ಕವಾಯತು ಮಾಡಲಾಗದ ತಾಳವನ್ನು ಆ ಹುಡುಗರು ನುಡಿಸಿದರು. ೧೯೬೨ರ ಆಗಸ್ಟ್ ೬ರಂದು ಜಮೈಕಾ ಸ್ವತಂತ್ರವಾದಾಗ ಬೀದಿಬೀದಿಯಲ್ಲಿ ಕೇಳಿದ್ದು ಈ ತಾಳ.

ಎರಡನೆಯ ಯುದ್ಧದ ತರುವಾಯ ದುಡಿಯುವ ಕೈಗಳಿಲ್ಲದೆ ಸೊರಗಿದ್ದ ಇಂಗ್ಲೆಂಡಿಗೆ ೧೯೪೮ರಿಂದ ಜಮೈಕಾದವರು ಹಡಗು ಹತ್ತಿ ಬಂದರು. ನಮ್ಮ ಪಂಜಾಬಿನವರೂ ಬಂದರು. ಅವರ ಗಂಟಿನಲ್ಲಿ ಸ್ಕಾ ತಟ್ಟೆಗಳೂ ಇದ್ದವು. ಆಲ್ಫಾ ಶಾಲೆಯಲ್ಲಿ ಕಲಿತ ಟ್ರಾಂಬೋನ್ ವಾದಕ ರಿಕೊ ರಾಡ್ರಿಗಸ್ ೧೯೬೧ರಲ್ಲಿ ಇಂಗ್ಲೆಂಡಿಗೆ ಬಂದ. ಹದಿನೆಂಟು ವರ್ಷ ಕಳೆದು, ೧೯೭೯ರಲ್ಲಿ, ತನ್ನ ಮಕ್ಕಳ ವಯಸ್ಸಿನ ಹುಡುಗರ ತಂಡವೊಂದರ ಮುದ್ರಿಕೆಗಳಲ್ಲಿ ಊದಿದ. ಆ ತಂಡವೇ ದಿ ಸ್ಪೆಷಲ್ಸ್, ಊರು ಕವೆಂಟ್ರಿ.

ಕವೆಂಟ್ರಿ ಮೋಟಾರು ಕಾರ್ಖಾನೆಗಳ ಊರು. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ. ಕೆಲಸವಿಲ್ಲದವನಿಗೆ ಪಕ್ಕದ ಮನೆಯ ಕರಿಯನ ಮೇಲೂ ಕಂದುಬಣ್ಣದವನ ಮೇಲೂ ಕೈ ತೋರಿಸಿ "ನಿನ್ನ ಅನ್ನ ಕಸಿದವನು ಇವನೇ" ಎಂದು ಹೇಳಿಕೊಡುವ ಪಕ್ಷಗಳು ಬೀದಿಯಲ್ಲಿದ್ದವು. ಆಗ ಕರಿಯರೂ ಬಿಳಿಯರೂ ಒಂದೇ ವೇದಿಕೆಯ ಮೇಲೆ ನಿಲ್ಲುವ ತಂಡವನ್ನು ಕಟ್ಟಿ, ಟು ಟೋನ್ ಎಂಬ ಮುದ್ರಿಕೆಸಂಸ್ಥೆಯನ್ನು ೧೯೭೯ರಲ್ಲಿ ಆರಂಭಿಸಿದವನು ಜೆರ್ರಿ ಡ್ಯಾಮರ್ಸ್. ಎರಡು ಬಣ್ಣ ಎಂಬುದೇ ಹೆಸರು. ಕಪ್ಪು ಬಿಳುಪು ಚೌಕಳಿಯೇ ಗುರುತು. ಈ ಡ್ಯಾಮರ್ಸ್ ಹುಟ್ಟಿದ್ದೆಲ್ಲಿ ಎಂದು ಓದಿದಾಗ ನಾನು ಪುಸ್ತಕವನ್ನು ಕೆಳಗಿಟ್ಟು ಹೆಂಡತಿಯನ್ನು ಕೂಗಿ ಕರೆದೆ. ಅವನು ಹುಟ್ಟಿದ್ದು ೧೯೫೫ರಲ್ಲಿ, ನಮ್ಮ ಗಡಿಯಾಚೆಯ ಉದಕಮಂಡಲದಲ್ಲಿ! ತಂದೆ ಪಾದ್ರಿ. ಮಗು ಇನ್ನೂ ಚಿಕ್ಕದಿರುವಾಗಲೇ ಸಂಸಾರ ಇಂಗ್ಲೆಂಡಿಗೆ ಮರಳಿತು. ಗುಂಡ್ಲುಪೇಟೆಯಿಂದ ಒಂದು ಹಗಲಿನ ದಾರಿಯೂ ಇಲ್ಲದ ಊರಿನಲ್ಲಿ ಹುಟ್ಟಿದ ಕೂಸು ಜಮೈಕಾದ ತಾಳವನ್ನು ಕವೆಂಟ್ರಿಯಲ್ಲಿ ಎಬ್ಬಿಸಿತು.

ಅವರ ಕುಣಿತ ಬರಿಯ ಕುಣಿತವಾಗಿರಲಿಲ್ಲ. ೧೯೮೧ರಲ್ಲಿ ಕವೆಂಟ್ರಿಯ ಹಾಡುಹಗಲಿನಲ್ಲಿ ಭಾರತೀಯ ಮೂಲದ ತರುಣನೊಬ್ಬನ ಕೊಲೆಯಾಯಿತು. ಆ ಜೂನಿನಲ್ಲಿ, ಜನಾಂಗದ್ವೇಷಿಗಳು ಅದೇ ಊರಿನಲ್ಲಿ ಮೆರವಣಿಗೆ ಹೊರಟ ದಿನವೇ, ಸ್ಪೆಷಲ್ಸ್ ತಂಡ ಅಲ್ಲಿ ದ್ವೇಷದ ವಿರುದ್ಧ ಕಚೇರಿ ಮಾಡಿತು. ಮರುತಿಂಗಳು, ಇಂಗ್ಲೆಂಡಿನ ಊರೂರಿನಲ್ಲಿ ಗಲಭೆ ಹೊತ್ತಿದ್ದಾಗ, ಪಾಳುಬಿದ್ದ ಊರನ್ನು ಕುರಿತ ಅವರ 'ಗೋಸ್ಟ್ ಟೌನ್' ಎಂಬ ಹಾಡು ಆ ದೇಶದ ಮಾರಾಟದ ಪಟ್ಟಿಯಲ್ಲಿ ಮೊದಲನೆಯದಾಗಿ ನಿಂತಿತ್ತು. ಅದೇ ವರ್ಷ ತಂಡ ಒಡೆಯಿತು.

ಒಡೆಯುವ ಮುಂಚೆ ಒಂದು ಒಳ್ಳೆಯ ಕೆಲಸವಾಗಿತ್ತು. ಜೋ ಮ್ಯಾಸಟ್ ಎಂಬ ನಿರ್ದೇಶಕ ೧೯೮೦ರಲ್ಲಿ ಈ ಬಗೆಯ ಆರು ತಂಡಗಳ ಕಚೇರಿಗಳನ್ನು ಹಿಂಬಾಲಿಸಿ ಚಿತ್ರ ತೆಗೆದ. ಸ್ಪೆಷಲ್ಸ್, ಮ್ಯಾಡ್ನೆಸ್, ದಿ ಸೆಲೆಕ್ಟರ್, ದಿ ಬೀಟ್, ಬ್ಯಾಡ್ ಮ್ಯಾನರ್ಸ್ ಮತ್ತು ಹೆಂಗಸರೇ ಸೇರಿ ಕಟ್ಟಿದ್ದ ದಿ ಬಾಡಿಸ್ನ್ಯಾಚರ್ಸ್. ಚಿತ್ರ 'ಡ್ಯಾನ್ಸ್ ಕ್ರೇಜ್' ಎಂಬ ಹೆಸರಿನಿಂದ ೧೯೮೧ರಲ್ಲಿ ತೆರೆಗೆ ಬಂತು. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನವರು ೨೦೨೩ರಲ್ಲಿ ಅದನ್ನು ಶುದ್ಧಿಮಾಡಿ ಮತ್ತೆ ಹೊರತಂದರು. ಹುಡುಗ ನನಗೆ ತೋರಿಸಿದ್ದು ಅದನ್ನೇ. ಸ್ಪೆಷಲ್ಸ್ ತಂಡದ ಗಾಯಕ ಟೆರ್ರಿ ಹಾಲ್ ೨೦೨೨ರ ಡಿಸೆಂಬರಿನಲ್ಲಿ ತೀರಿಕೊಂಡ. ರಿಕೊ ೨೦೧೫ರಲ್ಲೇ ಹೋಗಿದ್ದ. ಚಿತ್ರದಲ್ಲಿ ಮಾತ್ರ ಟೆರ್ರಿಗೆ ಇನ್ನೂ ಇಪ್ಪತ್ತೊಂದು ವರ್ಷ. ಅವನ ಹಣೆಯ ಬೆವರು ಇನ್ನೂ ಆರಿಲ್ಲ.

ಒಂದು ಭಾನುವಾರ ಹುಡುಗನ ಜೊತೆ ಅವನ ಮನೆಗೆ ಹೋದೆ. ರಸೆಲ್ ಮಾರುಕಟ್ಟೆಯ ಹಿಂದಿನ ಓಣಿ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಉರ್ದು, ನನ್ನ ಜೊತೆ ಕನ್ನಡ. ತಾತನಿಗೆ ಮೂರೂ ಸಲೀಸು. ಎಪ್ಪತ್ತು ದಾಟಿದ ತೆಳ್ಳಗಿನ ಮನುಷ್ಯ. ಗೋಡೆಯ ಮೊಳೆಗೆ ಜರಿ ಕಪ್ಪಾದ ಕೋಟು, ಮಂಚದ ಕೆಳಗೆ ಬಟ್ಟೆ ಸುತ್ತಿದ ಕ್ಲಾರಿಯೊನೆಟ್. ಮೊಮ್ಮಗ ಫೋನನ್ನು ಅವರ ಮುಂದೆ ನಿಲ್ಲಿಸಿ ಆ ಚಿತ್ರವನ್ನು ಹಾಕಿದ. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಹಾಡು ಅವರಿಗೆ ಅರ್ಥವಾಗುವ ಹಾಗಿರಲಿಲ್ಲ. ಕುಣಿತಕ್ಕೆ ಸ್ವಲ್ಪ ನಕ್ಕರು. ದಿ ಬೀಟ್ ತಂಡ ಬಂದಾಗ ಮುಂದಕ್ಕೆ ಬಾಗಿದರು. ಹುಡುಗರ ನಡುವೆ ಐವತ್ತು ವರ್ಷದ ಒಬ್ಬ ಕರಿಯ ಹಿರಿಯ ಸ್ಯಾಕ್ಸೊಫೋನ್ ಹಿಡಿದು ನಿಂತಿದ್ದಾನೆ. ಜಮೈಕಾದಲ್ಲಿ ಹುಟ್ಟಿದ ಅವನನ್ನು ಎಲ್ಲರೂ ಸ್ಯಾಕ್ಸಾ ಎಂದೇ ಕರೆಯುತ್ತಿದ್ದರು.

"ಇವರು ಕಲಿತೋರು ಸಾರ್" ಎಂದರು ತಾತ. "ಉಸಿರು ಎಲ್ಲಿ ತಗೋತಾರೆ ನೋಡಿ, ಗೊತ್ತೇ ಆಗಲ್ಲ. ಸುತ್ತಲೂ ಹುಡುಗರು ಅಷ್ಟು ಕುಣೀತಾ ಇದ್ರೂ ಅವರು ಜಾಗ ಬಿಟ್ಟು ಅಲ್ಲಾಡಲ್ಲ. ಬ್ಯಾಂಡಲ್ಲಿ ಒಬ್ಬರಾದ್ರೂ ಹಂಗೆ ನಿಲ್ಲಬೇಕು." ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಇದು ಯಾರ ಮದುವೆ?"

ಮೊಮ್ಮಗ ನಕ್ಕ. ಮದುವೆಯಲ್ಲ ತಾತ, ಜನ ದುಡ್ಡು ಕೊಟ್ಟು ಇವರನ್ನು ಕೇಳೋಕೇ ಬಂದಿದ್ದಾರೆ ಎಂದ. ತಾತ ಮಾತನಾಡಲಿಲ್ಲ.

ಅವರಿಗೇಕೆ ಚಿತ್ರವಿದೆ, ಇವರಿಗೇಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಆ ಮಾತಿನಲ್ಲೇ ಇತ್ತೆಂದು ನನಗೆ ತೋರುತ್ತದೆ. ಚೀಟಿ ಕೊಂಡು ಬಂದ ಕೇಳುಗನಿದ್ದಾನೆ. ಆದುದರಿಂದ ತಟ್ಟೆ ಮಾರಾಟವಾಗುತ್ತದೆ. ತಟ್ಟೆ ಮಾರಾಟವಾದುದರಿಂದ ಚಿತ್ರಕ್ಕೆ ಹಣ ಹುಟ್ಟುತ್ತದೆ. ಚಿತ್ರವಿರುವುದರಿಂದ ನಲವತ್ತು ವರ್ಷದ ಮೇಲೆ ಅದನ್ನು ತೊಳೆದು ಒರೆಸುವವರೂ ಸಿಗುತ್ತಾರೆ. ಮದುವೆಯ ಬ್ಯಾಂಡಿಗೆ ಈ ಸರಪಳಿಯ ಮೊದಲ ಕೊಂಡಿಯೇ ಇಲ್ಲ. ಹಣ ಕೊಡುವವನು ಕೇಳುವುದಿಲ್ಲ. ಕೇಳುವ ದಾರಿಹೋಕ ಹಣ ಕೊಡುವುದಿಲ್ಲ.

ಬೆಂಗಳೂರಿಗೆ ಚೀಟಿ ಕೊಳ್ಳುವ ಕೇಳುಗರಿಲ್ಲವೆಂದಲ್ಲ. ಅರಮನೆ ಮೈದಾನದಲ್ಲಿ ೨೦೦೩ರ ಏಪ್ರಿಲಿನಲ್ಲಿ ರೋಲಿಂಗ್ ಸ್ಟೋನ್ಸ್ ಹಾಡಿದರು, ೨೦೦೭ರ ಮಾರ್ಚಿನಲ್ಲಿ ಐರನ್ ಮೇಡನ್ ಅಬ್ಬರಿಸಿದರು. ಸಾವಿರಾರು ಜನ ಸೇರಿದರು. ಇಲ್ಲಿಂದ ಅಲ್ಲಿಗೆ ಹೋಗಿ ಗೆದ್ದವರೂ ಇದ್ದಾರೆ. ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲಿ ಟ್ರೋಜನ್ಸ್ ಎಂಬ ತಂಡ ಕಟ್ಟಿದ್ದ ಕೊಡವ ತರುಣ ಬಿದ್ದು ೧೯೬೭ರಲ್ಲಿ ಇಂಗ್ಲೆಂಡಿಗೆ ಹೋದರು. ೧೯೭೪ರಲ್ಲಿ ಅವರ ನಿರ್ಮಾಣದಲ್ಲಿ 'ಕುಂಗ್ ಫೂ ಫೈಟಿಂಗ್' ಹಾಡು ಬಂದಾಗ ಅದು ಇಂಗ್ಲೆಂಡ್, ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೇರಿತು. ಅದನ್ನು ಹಾಡಿದವನು ಜಮೈಕಾದಲ್ಲಿ ಹುಟ್ಟಿದ ಕಾರ್ಲ್ ಡಗ್ಲಸ್! ದಂಡಿನ ಊರಿನ ಒಬ್ಬ, ಜಮೈಕಾದ ಒಬ್ಬ ಲಂಡನ್ನಿನಲ್ಲಿ ಕೂಡಿದರು, ಲೋಕ ಕೇಳಿತು. ಅದೇ ದಂಡಿನ ಓಣಿಯಲ್ಲಿ ಪ್ರತಿ ಲಗ್ನದ ರಾತ್ರಿಯೂ ಊದಿದವರನ್ನು ಕೇಳಲು ಮಾತ್ರ ನಮಗೆ ಪುರುಸೊತ್ತಾಗಲಿಲ್ಲ.

'ನಮಗೆ' ಎಂದು ಬರೆಯುವಾಗ ನಾನು ಹಿಂದೆ ಸರಿದು ನಿಲ್ಲಲಾರೆ. ನನ್ನ ಮದುವೆಯಲ್ಲೂ ಬ್ಯಾಂಡ್ ಇತ್ತು. ಆ ಭಾನುವಾರ ಮನೆಗೆ ಬಂದು, ಬೀರುವಿನ ಮೇಲಿನ ತಟ್ಟಿನಿಂದ ಮದುವೆಯ ಡಿ.ವಿ.ಡಿ.ಯನ್ನು ಹುಡುಕಿ ತೆಗೆದೆ. ಮೂರು ಗಂಟೆಯ ಚಿತ್ರ. ನೆಂಟರಿಷ್ಟರು ಒಬ್ಬೊಬ್ಬರಾಗಿ ಬಂದು ಉಡುಗೊರೆ ಕೊಡುವುದೇ ಐವತ್ತು ನಿಮಿಷ ಇದೆ. ಹೋಳಿಗೆಯ ಎಲೆಯ ಮೇಲೆ ಕ್ಯಾಮೆರಾ ಒಂದು ನಿಮಿಷ ನಿಂತಿದೆ. ಬ್ಯಾಂಡಿನವರು ಕಾಣುವುದು ಹನ್ನೊಂದು ಸೆಕೆಂಡು. ಎಂಟು ಜನ. ಮುಂದೆ ಕ್ಲಾರಿಯೊನೆಟ್ಟಿನವನು ಕಣ್ಣು ಮುಚ್ಚಿಕೊಂಡಿದ್ದಾನೆ. ಬೆರಳು ಓಡುತ್ತಿವೆ, ಕೆನ್ನೆ ಉಬ್ಬಿದೆ. ಆದರೆ ಕೇಳುತ್ತಿರುವುದು ಅವನ ವಾದ್ಯವಲ್ಲ. ಚಿತ್ರವನ್ನು ಜೋಡಿಸಿದವರು ಅಲ್ಲಿನ ಶಬ್ದವನ್ನು ಅಳಿಸಿ, ಆ ವರ್ಷ ಜನಪ್ರಿಯವಾಗಿದ್ದ ಒಂದು ಸಿನಿಮಾ ಹಾಡನ್ನು ಮೇಲೆ ಹಾಕಿದ್ದಾರೆ. ಅವನು ಅಂದು ಏನು ನುಡಿಸಿದನೋ ಇನ್ನು ಯಾರಿಗೂ ಗೊತ್ತಾಗುವ ಹಾಗಿಲ್ಲ. ಅವನ ಮುಂದೆಯೇ ಕುದುರೆಗಾಡಿಯಲ್ಲಿ ಕುಳಿತಿದ್ದ ನನಗೂ ನೆನಪಿಲ್ಲ. ನೆನಪಿರುವುದು ಇಷ್ಟೆ: ಊಟದ ಹೊತ್ತಿಗೆ ಬ್ಯಾಂಡಿನವರಿಗೆ ಎಲೆ ಹಾಕಿಸಲೋ ಎಂದು ಯಾರೋ ಕೇಳಿದರು, ಕಡೆಯ ಪಂಕ್ತಿಗೆ ನೋಡಿದರಾಯಿತು ಎಂದು ನಮ್ಮ ಕಡೆಯವರೊಬ್ಬರು ಹೇಳಿದರು, ನಾನು ಕೇಳಿಸಿಕೊಂಡೂ ಸುಮ್ಮನಿದ್ದೆ. ಕಡೆಯ ಪಂಕ್ತಿಯ ಹೊತ್ತಿಗೆ ಅವರು ಹೊರಟುಹೋಗಿದ್ದರು.

ಹುಡುಗನ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಬ್ಯಾಂಡು ಮಾರ್ಗವಾಗಿಯೇ ಬಂತು, ಅದೂ ಆಳುವವನ ಮಾರ್ಗ, ಕವಾಯತಿನ ಮಾರ್ಗ. ಓಣಿಯ ಉಸಿರು ಹೊಕ್ಕ ಮೇಲೆ ಅದು ದೇಸಿಯಾಯಿತು. ಪಂಪ ಮೆಚ್ಚಿದ ಆ ಬೆರಕೆ ಕಿಂಗ್‌ಸ್ಟನ್ನಿನಲ್ಲೂ ನಡೆಯಿತು, ಶಿವಾಜಿನಗರದಲ್ಲೂ ನಡೆಯಿತು. ವಾದ್ಯ ಒಂದೇ, ಕಲಿಸಿದ ಕೈ ಒಂದೇ, ಕಲಿತವರ ಬಡತನವೂ ಒಂದೇ. ಆದರೆ ಪಂಪನ ಕಾವ್ಯ ನಮ್ಮ ಕೈಗೆ ಬಂದಿರುವುದು, ಯಾರೋ ಓಲೆಗರಿಯ ಮೇಲೆ ಅದನ್ನು ಪ್ರತಿಮಾಡುತ್ತ ಬಂದರೆಂಬ ಕಾರಣದಿಂದ. ಪ್ರತಿಕಾರನಿಲ್ಲದ ಕಾವ್ಯ ಎಷ್ಟು ದೊಡ್ಡದಾದರೂ ಒಂದು ತಲೆಮಾರಿಗೆ ಮುಗಿಯುತ್ತದೆ.

ಓದುಗರಲ್ಲಿ ಒಂದು ಬಿನ್ನಹ. ಮನೆಯಲ್ಲಿ ಹಳೆಯ ಮದುವೆಯ ಟೇಪು, ತಟ್ಟೆ ಇದ್ದರೆ ಒಮ್ಮೆ ಹಾಕಿ ನೋಡಿ. ಬ್ಯಾಂಡಿನವರು ಇದ್ದಾರೆಯೆ, ಅವರ ಸ್ವಂತ ದನಿ ಉಳಿದಿದೆಯೆ ಎಂದು ಕೇಳಿ. ಉಳಿದಿದ್ದರೆ ಅಳಿಯದಂತೆ ಇನ್ನೊಂದು ಪ್ರತಿ ಮಾಡಿಡಿ. ಮುಂದಿನ ಮದುವೆಯಲ್ಲಿ ಚಿತ್ರ ತೆಗೆಯುವವನಿಗೆ, ಬ್ಯಾಂಡಿನ ಮುಂದೆ ಒಂದು ಹಾಡು ಮುಗಿಯುವತನಕ ನಿಲ್ಲಪ್ಪ ಎಂದು ಹೇಳಿ. ಹೆಚ್ಚಿನ ಖರ್ಚಿನ ಕೆಲಸವೇನೂ ಅಲ್ಲ.

ಮತ್ತೊಂದು ಭಾನುವಾರ ನಾನೂ ಹುಡುಗನೂ ತಾತನ ಮುಂದೆ ಕುಳಿತು, ಒಂದಿಷ್ಟು ನುಡಿಸಬೇಕೆಂದು ಕೇಳಿಕೊಂಡೆವು. ಅವರು ವಾದ್ಯವನ್ನು ಬಟ್ಟೆಯಿಂದ ಬಿಚ್ಚಿ, ತುಂಡುಗಳನ್ನು ಜೋಡಿಸಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಯಾವ ಫಂಕ್ಷನ್ನಿಗೆ ಸಾರ್?"

"ಯಾವುದಕ್ಕೂ ಅಲ್ಲ ತಾತ" ಎಂದ ಮೊಮ್ಮಗ. "ಸುಮ್ನೆ ಕೇಳೋಕೆ."

ಅವರು ಸ್ವಲ್ಪ ಹೊತ್ತು ವಾದ್ಯವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಅನಂತರ ಎದ್ದು, ಗೋಡೆಯ ಮೊಳೆಯಿಂದ ಕೋಟನ್ನು ತೆಗೆದು ಹಾಕಿಕೊಂಡು, ಗುಂಡಿಗಳನ್ನೆಲ್ಲ ಹಾಕಿ ಬಂದು ಕುಳಿತರು. ಒಂಬತ್ತು ನಿಮಿಷ ನುಡಿಸಿದರು. ನಡುವೆ ಎರಡು ಸಲ ಕೆಮ್ಮು ಬಂತು. ಅದನ್ನೂ ನಾವು ಅಳಿಸಿಲ್ಲ.